ಪಾಸ್ ಕಚೇರಿ ಮ್ಯೂಸಿಯಂ ಆದ ಕಥೆ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಶಿಬಿರದಲ್ಲಿ ಭೂಮಿಯ ಪ್ರಶ್ನೆ ಬಂತು, ಮೀಸಲಾತಿಯ ಪ್ರಶ್ನೆ ಬಂತು, ವಿದ್ಯಾರ್ಥಿವೇತನದ ಪ್ರಶ್ನೆ ಬಂತು. ಇವುಗಳ ನಡುವೆ ನಾವು ಮ್ಯೂಸಿಯಂ ಬಗ್ಗೆ ಮಾತಾಡ್ತೀವಿ ಅಂದರೆ ನಿಮಗೆ ನಗು ಬರಬಹುದು. ಹಾಸ್ಟೆಲಿನಲ್ಲಿ ಸಾರು ನೀರಾಗಿದೆ, ಇವರು ಹಳೇ ಕತ್ತಿ, ಹಳೇ ನಾಣ್ಯದ ಮಾತು ತಂದರಲ್ಲ ಅನ್ನಿಸಬಹುದು. ಸ್ವಲ್ಪ ತಾಳಿಕೊಂಡು ಕೇಳಿ. ಊರಿನ ಕಸ ಯಾರು ಬಳಿಯಬೇಕು ಅಂತ ತೀರ್ಮಾನ ಮಾಡುವ ನಗರಸಭೆಯೇ, ಊರಿನ ಚರಿತ್ರೆಯಲ್ಲಿ ಯಾರು ಇರಬೇಕು ಅಂತಲೂ ತೀರ್ಮಾನ ಮಾಡುತ್ತದೆ. ಮೊದಲನೆಯದು ನಮಗೆ ಚೆನ್ನಾಗಿ ಗೊತ್ತು. ಎರಡನೆಯದನ್ನು ನಾವು ಇನ್ನೂ ಕೇಳಿಲ್ಲ.

ಮ್ಯೂಸಿಯಂಗಳಲ್ಲಿ ಹಲವು ಬಗೆ. ರಾಜರು ಕಟ್ಟಿದ್ದು ಇದೆ, ದೇಶದ ಸರ್ಕಾರ ನಡೆಸುವುದು ಇದೆ. ಮೂರನೆಯದು ನಗರಸಭೆ ತನ್ನ ಊರಿನ ಚರಿತ್ರೆಗಾಗಿ ನಡೆಸುವ ಮ್ಯೂಸಿಯಂ. ಇಂಗ್ಲೆಂಡಿನಲ್ಲಿ 1845ರಲ್ಲೇ ಒಂದು ಕಾನೂನು ಬಂತು. ಹತ್ತು ಸಾವಿರಕ್ಕಿಂತ ಹೆಚ್ಚು ಜನ ಇರುವ ಪಟ್ಟಣದ ಸಭೆ, ಮ್ಯೂಸಿಯಂ ಕಟ್ಟಲು ಆಸ್ತಿ ತೆರಿಗೆಯಲ್ಲಿ ಪೌಂಡಿಗೆ ಅರ್ಧ ಪೆನ್ನಿ ಎತ್ತಬಹುದು ಅಂತ. ಅಂದರೆ ಅದು ಯಾರೋ ಶ್ರೀಮಂತನ ದಾನವಲ್ಲ. ತೆರಿಗೆ ಕೊಟ್ಟವರ ಆಸ್ತಿ. ಬಾಡಿಗೆಯ ಗುಡಿಸಲಲ್ಲಿ ಇರುವವನೂ ಬಾಡಿಗೆಯೊಳಗೆ ಆ ತೆರಿಗೆ ಕೊಟ್ಟೇ ಇರುತ್ತಾನೆ. ಆದರೆ ಒಳಗೆ ಹೋಗಿ ನೋಡಿದರೆ ಅಲ್ಲಿ ಇರುವುದೇನು? ಮೇಯರನ ಕೊರಳ ಸರ, ವ್ಯಾಪಾರಿಯ ತೈಲಚಿತ್ರ, ದಳಪತಿಯ ಖಡ್ಗ, ಕೋಟೆ ಬಾಗಿಲ ಬೀಗದ ಕೈ. ಆ ಬೀಗದ ಕೈ ಎರಕ ಹೊಯ್ದವನು ಎಲ್ಲಿ? ಅವನ ಹೆಸರಿಲ್ಲ. ಬಡವನ ಮನೆಯ ವಸ್ತು ಸವೆಯುವ ತನಕ ಬಳಕೆಯಾಗುತ್ತದೆ, ಆಮೇಲೆ ಒಲೆಗೆ ಹೋಗುತ್ತದೆ. ಗಾಜಿನ ಪೆಟ್ಟಿಗೆಯ ತನಕ ಬರುವುದು ಉಳ್ಳವರ ಮನೆಯ ವಸ್ತು ಮಾತ್ರ.

ಹಾಗಾದರೆ ಬಡವರ ಬಗ್ಗೆ ನಗರಸಭೆಯಲ್ಲಿ ಏನೂ ಇರುವುದಿಲ್ಲವೆ? ಇರುತ್ತದೆ ಗೆಳೆಯರೆ, ರಾಶಿರಾಶಿ ಇರುತ್ತದೆ. ಕಡತದಲ್ಲಿ ಇರುತ್ತದೆ. ಯಾರನ್ನು ಎಲ್ಲಿಂದ ಎಬ್ಬಿಸಿದರು, ಯಾರಿಗೆ ದಂಡ ಹಾಕಿದರು, ಯಾರಿಗೆ ಎಷ್ಟು ಕೂಲಿ, ಎಲ್ಲ ಬರೆದಿಟ್ಟಿರುತ್ತಾರೆ. ಆ ಕಡತವೇ ಒಂದು ದಿನ ನಗರಸಭೆಯ ವಿರುದ್ಧ ಸಾಕ್ಷಿಯಾಗಿ ನಿಲ್ಲಬಹುದು. ಇದಕ್ಕೆ ಒಂದು ಊರಿನ ಕಥೆ ಹೇಳುತ್ತೇವೆ.

ದಕ್ಷಿಣ ಆಫ್ರಿಕಾದಲ್ಲಿ ಡರ್ಬನ್ ಅಂತ ಒಂದು ಬಂದರು ನಗರ. ನಮಗೆ ತೀರಾ ಪರಕೀಯವೇನಲ್ಲ. 1860ರ ನವೆಂಬರ್ 16ರಂದು ಮದ್ರಾಸಿನಿಂದ ಹೊರಟ 'ಟ್ರೂರೋ' ಹಡಗು ಕಬ್ಬಿನ ತೋಟದ ಕೂಲಿಗಳನ್ನು ಇಳಿಸಿದ್ದು ಅಲ್ಲೇ. ಕರಾರು ಕೂಲಿಗಳಾಗಿ ಹೋದ ಆ ಜನರ ಹಡಗಿನ ಪಟ್ಟಿಯಲ್ಲಿ ಹೆಸರು, ವಯಸ್ಸು, ಊರಿನ ಜೊತೆಗೆ ಜಾತಿಗೂ ಒಂದು ಕಾಲಂ ಇತ್ತು. ಸಮುದ್ರ ದಾಟಿದರೂ ಗುಮಾಸ್ತನ ಲೇಖನಿ ಜಾತಿಯನ್ನು ಬಿಡಲಿಲ್ಲ.

ಆ ನಗರದಲ್ಲಿ ದುಡಿಮೆಗೆ ಕರಿಯರು ಬೇಕು, ಆದರೆ ವಾಸಕ್ಕೆ ಬೇಡ. ಹಡಗಿನ ಮೂಟೆ ಇಳಿಸಲು ಬೇಕು, ಬಿಳಿಯರ ಮನೆಯಲ್ಲಿ ಬಟ್ಟೆ ಒಗೆಯಲು ಬೇಕು, ರಾತ್ರಿಯಾದರೆ ಕಣ್ಣಿಗೆ ಬೀಳಬಾರದು. ಇದು ನಮ್ಮ ಹಳ್ಳಿಯ ಲೆಕ್ಕವೇ ಅಲ್ಲವೆ? ಹೊಲದ ಗೇಯ್ಮೆಗೆ ಬೇಕು, ಬೀದಿಗೆ ಬೇಡ. ಅದಕ್ಕೆ ಅವರನ್ನು ಹಿಡಿತದಲ್ಲಿಡಲು ನಗರಸಭೆಗೆ ಕಚೇರಿ ಬೇಕು, ಪೊಲೀಸು ಬೇಕು, ಬ್ಯಾರಕ್ಕು ಬೇಕು. ಇದಕ್ಕೆಲ್ಲ ದುಡ್ಡು ಎಲ್ಲಿಂದ? ಬಿಳಿಯರು ತಮ್ಮ ತೆರಿಗೆಯಿಂದ ಕೊಡಲು ತಯಾರಿಲ್ಲ. ಆಗ ಅವರು ಹುಡುಕಿದ ದಾರಿ ನೋಡಿ.

ಆಫ್ರಿಕನ್ ಹೆಂಗಸರು ಮನೆಯಲ್ಲಿ ಜೋಳ ನೆನೆಸಿ ಹುಳಿ ಬರಿಸಿ ಒಂದು ಬಗೆಯ ಬಿಯರ್ ಮಾಡುತ್ತಿದ್ದರು. ಅದು ಊಟವೂ ಹೌದು, ಹಬ್ಬವೂ ಹೌದು. ಪಟ್ಟಣಕ್ಕೆ ಬಂದ ಹೆಂಗಸಿಗೆ ನಾಲ್ಕು ಕಾಸು ಸಿಗುತ್ತಿದ್ದ ದಾರಿಯೂ ಅದೇ. 1908ರಲ್ಲಿ ನಟಾಲ್ ಪ್ರಾಂತ್ಯದಲ್ಲಿ ಕಾನೂನು ಬಂತು. ಆ ಬಿಯರನ್ನು ಮಾಡುವ, ಮಾರುವ ಏಕಸ್ವಾಮ್ಯ ನಗರಸಭೆಯೇ ಇಟ್ಟುಕೊಳ್ಳಬಹುದು ಅಂತ. ಮರುವರ್ಷ ಡರ್ಬನ್ ನಗರಸಭೆ ತಾನೇ ಬಿಯರ್ ಕಾಯಿಸಿ ತನ್ನ ಬಿಯರ್ ಹಾಲುಗಳಲ್ಲಿ ಮಾರತೊಡಗಿತು. ಹೆಂಗಸರು ಮನೆಯಲ್ಲಿ ಮಾಡಿದರೆ ಅಪರಾಧ. ಪೊಲೀಸರು ನುಗ್ಗಿ ಮಡಕೆ ಒಡೆಯುತ್ತಿದ್ದರು. ಗಂಡಸು ದಿನದ ಕೂಲಿಯನ್ನು ಬಿಯರ್ ಹಾಲಿನಲ್ಲಿ ಕೊಟ್ಟು ಕುಡಿಯಬೇಕು. ಆ ದುಡ್ಡಿನಲ್ಲಿ ನಗರಸಭೆ ಅವನನ್ನೇ ಕಾಯುವ ಇಲಾಖೆ ನಡೆಸುತ್ತದೆ, ಅವನನ್ನೇ ಹಿಡಿಯುವ ಪೊಲೀಸನಿಗೆ ಸಂಬಳ ಕೊಡುತ್ತದೆ. ಅಂದರೆ ಬಂಧುಗಳೆ, ಕೈದಿಯ ದುಡ್ಡಿನಲ್ಲೇ ಸೆರೆಮನೆ! ಇದಕ್ಕೆ 'ಡರ್ಬನ್ ಪದ್ಧತಿ' ಅಂತಲೇ ಹೆಸರಾಯಿತು. ಬೇರೆ ನಗರಗಳೂ ಇದನ್ನು ನೋಡಿ ಕಲಿತವು. 2007ರಲ್ಲಿ ಸಾರಾಯಿ ನಿಲ್ಲುವ ತನಕ ನಮ್ಮ ಕೇರಿಗಳ ಕೂಲಿ ಎಲ್ಲಿಗೆ ಹರಿದು ಯಾರ ಖಜಾನೆ ತುಂಬಿತು ಅಂತ ಬಲ್ಲವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

1916ರಲ್ಲಿ ನಗರಸಭೆ ಇದಕ್ಕಾಗಿಯೇ ಒಂದು ಇಲಾಖೆ ತೆರೆಯಿತು. 'ನೇಟಿವ್' ವ್ಯವಹಾರಗಳ ಇಲಾಖೆ. 1920ರ ದಶಕದ ಕೊನೆಗೆ ಅದಕ್ಕೆ ಸ್ವಂತ ಕಟ್ಟಡ ಎದ್ದಿತು. ಕೆಲಸ ಹುಡುಕಿ ಬಂದ ಕರಿಯ ಈ ಕಚೇರಿಯ ಮುಂದೆ ಸಾಲು ನಿಲ್ಲಬೇಕು. ನೋಂದಣಿ ಆಗಬೇಕು. ಪಾಸ್ ಮೇಲೆ ಮುದ್ರೆ ಬೀಳಬೇಕು. ಮುದ್ರೆ ಇಲ್ಲದಿದ್ದರೆ ಊರು ಬಿಡಬೇಕು. ಒಂದು ಕಾಲದಲ್ಲಿ ಹೊಸದಾಗಿ ಬಂದವರನ್ನು ಔಷಧಿ ಬೆರೆಸಿದ ನೀರಿನ ತೊಟ್ಟಿಯಲ್ಲಿ ದನಗಳ ಹಾಗೆ ಮುಳುಗಿಸಿ ತೆಗೆಯುತ್ತಿದ್ದರು. ರೋಗದ ನೆಪ. ಇದರ ವಿರುದ್ಧ ಐ.ಸಿ.ಯು. ಅನ್ನುವ ಕಾರ್ಮಿಕ ಸಂಘ, ಎ.ಡಬ್ಲ್ಯು.ಜಿ. ಚಾಂಪಿಯನ್ ಅವರ ಮುಂದಾಳುತನದಲ್ಲಿ ಹೋರಾಡಿತು.

ಇಲ್ಲಿ ಒಂದು ಮಾತು ಹಾಸ್ಟೆಲಿನವರಿಗೆ. ಅಲ್ಲೂ ಹಾಸ್ಟೆಲ್ ಅನ್ನುವ ಶಬ್ದ ಇತ್ತು. ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟು ಬಂದ ಗಂಡಾಳುಗಳನ್ನು ಒಂದೊಂದು ಮಂಚಕ್ಕೆ ಲೆಕ್ಕ ಹಾಕಿ ತುಂಬುತ್ತಿದ್ದ ಜಾಗಕ್ಕೆ ಹಾಸ್ಟೆಲ್ ಅನ್ನುತ್ತಿದ್ದರು. ನಮ್ಮ ಹಾಸ್ಟೆಲುಗಳು ಹೋರಾಡಿ ಪಡೆದ ಅಕ್ಷರದ ಜಾಗ. ಹೆಸರು ಒಂದೇ, ಹುಟ್ಟು ಬೇರೆ. ನಮ್ಮದು ಅವರ ಹಾಸ್ಟೆಲಿನ ಹಾಗೆ ಬರೀ ಮಂಚ ಎಣಿಸುವ ಕೊಟ್ಟಿಗೆ ಆಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಆ ಜನ ಸುಮ್ಮನೆ ಇರಲಿಲ್ಲ. 1929ರಲ್ಲಿ ಬಿಯರ್ ಹಾಲುಗಳಿಗೆ ಬಹಿಷ್ಕಾರ ಹಾಕಿದರು. ಹೆಂಗಸರು ಕೋಲು ಹಿಡಿದು ಹಾಲುಗಳ ಒಳಗೆ ನುಗ್ಗಿ ಕುಡಿಯುತ್ತಾ ಕೂತ ಗಂಡಸರನ್ನು ಎಬ್ಬಿಸಿ ಓಡಿಸಿದರು. ಗಲಭೆಯಾಗಿ ಹೆಣಗಳೂ ಬಿದ್ದವು. 1930ರ ಡಿಸೆಂಬರಿನಲ್ಲಿ ಪಾಸ್ ಸುಡುವ ಸಭೆಯ ಮೇಲೆ ಪೊಲೀಸರು ಬಿದ್ದಾಗ ಜೋಹಾನ್ಸ್ ನ್ಕೋಸಿ ಎಂಬ ಯುವ ಮುಂದಾಳು ಪ್ರಾಣ ಕೊಟ್ಟ. 1959ರ ಜೂನ್‌ನಲ್ಲಿ ಕ್ಯಾಟೊ ಮ್ಯಾನರ್ ಎಂಬ ಗುಡಿಸಲು ಪ್ರದೇಶದ ಹೆಂಗಸರು ಮತ್ತೆ ಬಿಯರ್ ಹಾಲಿಗೆ ನುಗ್ಗಿದರು. ಮೂವತ್ತು ವರ್ಷದ ಅಂತರದಲ್ಲಿ ಅದೇ ಸಿಟ್ಟು, ಅದೇ ಹೆಂಗಸರ ಜಾತಿ. ಆ ಕ್ಯಾಟೊ ಮ್ಯಾನರನ್ನೂ ಬಿಳಿಯರ ಪ್ರದೇಶ ಅಂತ ಘೋಷಿಸಿ ಸಾವಿರಾರು ಸಂಸಾರಗಳನ್ನು ಊರಾಚೆಗೆ ಎತ್ತಿ ಹಾಕಿದರು.

ಪಾಸ್ ಕಾನೂನು ಹೋಗಿದ್ದು 1986ರಲ್ಲಿ. ಎಲ್ಲರಿಗೂ ಓಟು ಬಂದದ್ದು 1994ರಲ್ಲಿ. ಆ ದಶಕದಲ್ಲೇ ಡರ್ಬನ್ ನಗರಸಭೆ ಒಂದು ಕೆಲಸ ಮಾಡಿತು. ಆ ಪಾಸ್ ಕಚೇರಿಯ ಕಟ್ಟಡವನ್ನು ಕೆಡವಲಿಲ್ಲ, ಸುಣ್ಣ ಬಳಿದು ಬೇರೆ ಕಚೇರಿಯನ್ನೂ ಮಾಡಲಿಲ್ಲ. ಅದನ್ನೇ ಮ್ಯೂಸಿಯಂ ಮಾಡಿತು. ಹೆಸರು ಕ್ವಾಮುಹ್ಲೆ. ಜುಲು ಭಾಷೆಯಲ್ಲಿ 'ಒಳ್ಳೆಯವನ ಜಾಗ' ಅಂತ. ಇಲಾಖೆಯ ಮೊದಲ ಅಧಿಕಾರಿ ಮಾರ್ವಿಕ್, 1899ರಲ್ಲಿ ಯುದ್ಧ ಶುರುವಾಗುವಾಗ ಗಣಿಗಳಲ್ಲಿ ಸಿಕ್ಕಿಬಿದ್ದಿದ್ದ ಸುಮಾರು ಏಳು ಸಾವಿರ ಜುಲು ಕೆಲಸಗಾರರನ್ನು ನಡೆಸಿಕೊಂಡು ಊರಿಗೆ ತಲುಪಿಸಿದ್ದ. ಅವನಿಗೆ ಜನ ಪ್ರೀತಿಯಿಂದ ಕೊಟ್ಟ ಹೆಸರು ಅವರನ್ನೇ ಗೋಳಾಡಿಸಿದ ಕಚೇರಿಗೆ ಅಂಟಿಕೊಂಡಿತು. ಒಬ್ಬ ಅಧಿಕಾರಿ ಒಳ್ಳೆಯವನಿರಬಹುದು. ಕಚೇರಿ ಕೆಟ್ಟದ್ದಾಗಿದ್ದರೆ ಅವನ ಒಳ್ಳೆಯತನ ಕಚೇರಿಗೆ ಬೋರ್ಡಾಗಿ ನೇತಾಡುತ್ತದೆ, ಅಷ್ಟೆ. ಇದನ್ನು ನಾವು ಮರೆಯಬಾರದು.

ಇವತ್ತು ಆ ಮ್ಯೂಸಿಯಂ ಡರ್ಬನ್ನಿನ ಈಗಿನ ನಗರಾಡಳಿತ ನಡೆಸುವ ಸ್ಥಳೀಯ ಚರಿತ್ರೆಯ ಮ್ಯೂಸಿಯಂಗಳಲ್ಲಿ ಒಂದು. ಡರ್ಬನ್ ಪದ್ಧತಿ, ಪಾಸ್, ಬಿಯರ್ ಹಾಲು, ಕ್ಯಾಟೊ ಮ್ಯಾನರ್, ಎಲ್ಲ ಅಲ್ಲಿವೆ. ಮುಂದಿನ ರಸ್ತೆ ಮೊದಲು ಮದ್ದುಗುಂಡಿನ ಹೆಸರು ಹೊತ್ತಿತ್ತು, ಆರ್ಡ್ನೆನ್ಸ್ ರಸ್ತೆ ಅಂತ. ಈಗ ಅದು ಬ್ರಾಮ್ ಫಿಷರ್ ರಸ್ತೆ. ಮಂಡೇಲಾ ಅವರ ಪರವಾಗಿ ಕೋರ್ಟಿನಲ್ಲಿ ನಿಂತು, ಆಮೇಲೆ ತಾನೇ ಜೈಲು ಕಂಡ ಬಿಳಿಯ ವಕೀಲ ಅವರು.

ಇದರಿಂದ ನಾವು ಏನು ತಿಳಿಯಬೇಕು? ಮೊದಲನೆಯದು, ಮ್ಯೂಸಿಯಂ ಆಗಿದ್ದಕ್ಕೆ ಪಾಸ್ ಹೋಗಲಿಲ್ಲ. ಪಾಸ್ ಹೋಗಿದ್ದಕ್ಕೆ ಮ್ಯೂಸಿಯಂ ಆಯಿತು. ಕೋಲು ಹಿಡಿದ ಹೆಂಗಸರು ಮೊದಲು, ಗಾಜಿನ ಪೆಟ್ಟಿಗೆ ಆಮೇಲೆ. ಈ ಕ್ರಮವನ್ನು ತಿರುಗಿಸಿ ಹೇಳುವ ಬುದ್ಧಿವಂತರು ಸಿಗುತ್ತಾರೆ, ಎಚ್ಚರವಾಗಿರಿ. ಎರಡನೆಯದು, ಮ್ಯೂಸಿಯಂ ಇದ್ದ ಮಾತ್ರಕ್ಕೆ ಕಥೆ ಮುಗಿಯಲಿಲ್ಲ. ಅದೇ ಡರ್ಬನ್ನಿನಲ್ಲಿ 2005ರಲ್ಲಿ ಗುಡಿಸಲುವಾಸಿಗಳು 'ಅಬಾಹ್ಲಾಲಿ ಬಾಸೆಮ್ಜೊಂಡೊಲೊ' ಅಂತ ಸಂಘಟನೆ ಕಟ್ಟಿದರು. ಯಾರ ವಿರುದ್ಧ? ಗುಡಿಸಲು ಕೀಳಲು ಬರುತ್ತಿದ್ದ ನಗರಾಡಳಿತದ ವಿರುದ್ಧವೇ. ಒಂದೇ ಆಡಳಿತ ಒಂದು ಕೈಯಲ್ಲಿ ಹಳೇ ಗುಡಿಸಲು ಕಿತ್ತ ಚಿತ್ರಕ್ಕೆ ಚೌಕಟ್ಟು ಹಾಕುತ್ತದೆ, ಇನ್ನೊಂದು ಕೈಯಲ್ಲಿ ಇವತ್ತಿನ ಗುಡಿಸಲು ಕೀಳುತ್ತದೆ. ಮ್ಯೂಸಿಯಂ ನಮ್ಮ ನೋವನ್ನು 'ಆಗಿ ಹೋದದ್ದು' ಅಂತ ತೋರಿಸಿಬಿಡುವ ಅಪಾಯ ಇದ್ದೇ ಇದೆ. ಅದಕ್ಕೆ ಅದನ್ನು ಬಿಟ್ಟು ಕೂರಬಾರದು. ಒಳಗೆ ಹೋಗಿ, ಕಥೆಯನ್ನು ಇವತ್ತಿನ ತನಕ ತನ್ನಿ ಅಂತ ಕೇಳಬೇಕು.

ಹಾಗೆ ಜನರೇ ಕಥೆಯನ್ನು ಇವತ್ತಿನ ತನಕ ಎಳೆದು ತಂದ ಊರೂ ಒಂದಿದೆ. ಇಂಗ್ಲೆಂಡಿನ ಬ್ರಿಸ್ಟಲ್. ಅಲ್ಲಿನ ಎಡ್ವರ್ಡ್ ಕೋಲ್‌ಸ್ಟನ್ ಎಂಬ ವ್ಯಾಪಾರಿ, ಆಫ್ರಿಕದ ಜನರನ್ನು ಗುಲಾಮರಾಗಿ ಸಾಗಿಸಿದ ರಾಯಲ್ ಆಫ್ರಿಕನ್ ಕಂಪನಿಯ ಮುಂದಾಳುಗಳಲ್ಲಿ ಒಬ್ಬ. ಸತ್ತದ್ದು 1721ರಲ್ಲಿ. 1895ರಲ್ಲಿ ಅವನನ್ನು ದಾನಿ, ಪುಣ್ಯವಂತ ಅಂತ ಹೊಗಳಿ ಊರ ನಡುವೆ ಕಂಚಿನ ಪ್ರತಿಮೆ ನಿಲ್ಲಿಸಿದರು. ಅದನ್ನು ತೆಗೆಯಿರಿ, ಕಡೇಪಕ್ಷ ಫಲಕದಲ್ಲಾದರೂ ನಿಜ ಬರೆಯಿರಿ ಅಂತ ಜನ ವರ್ಷಗಟ್ಟಲೆ ಕೇಳಿದರು. ಫಲಕದ ಒಕ್ಕಣೆ ಹೇಗಿರಬೇಕು ಅಂತ ಚರ್ಚೆ ಆಯಿತು, ತಿದ್ದುಪಡಿ ಆಯಿತು, ಫಲಕ ಮಾತ್ರ ಬರಲಿಲ್ಲ. 2020ರ ಜೂನ್ 7ರಂದು ಜನ ಹಗ್ಗ ಹಾಕಿ ಪ್ರತಿಮೆಯನ್ನು ಕೆಡವಿ, ಉರುಳಿಸಿಕೊಂಡು ಹೋಗಿ ಬಂದರಿನ ನೀರಿಗೆ ಎಸೆದರು. ನಾಲ್ಕೇ ದಿನದಲ್ಲಿ ನಗರಸಭೆ ಅದನ್ನು ಮೇಲೆತ್ತಿತು. ಮತ್ತೆ ಪೀಠದ ಮೇಲೆ ನಿಲ್ಲಿಸಲಿಲ್ಲ. 2021ರಲ್ಲಿ ತನ್ನ 'ಎಂ ಶೆಡ್' ಎಂಬ ಊರಿನ ಚರಿತ್ರೆಯ ಮ್ಯೂಸಿಯಂನಲ್ಲಿ, ಜನ ಎರಚಿದ ಬಣ್ಣ ಹಾಗೇ ಇರುವಂತೆ, ಮಲಗಿಸಿ ಇಟ್ಟಿತು. ಪಕ್ಕದಲ್ಲಿ ಅವತ್ತಿನ ಭಿತ್ತಿಪತ್ರಗಳು. ಇದನ್ನು ಏನು ಮಾಡೋಣ ಅಂತ ಊರನ್ನು ಕೇಳಿದಾಗ ಸುಮಾರು 14,000 ಉತ್ತರ ಬಂದವು. ಊರಿನವರಲ್ಲಿ ಐದರಲ್ಲಿ ನಾಲ್ಕು ಪಾಲು ಜನ, ಮ್ಯೂಸಿಯಂನಲ್ಲೇ ಇರಲಿ ಅಂದರು. ಅದೇ ಮ್ಯೂಸಿಯಂನಲ್ಲಿ 1963ರ ಬಸ್ ಬಹಿಷ್ಕಾರದ ಕಥೆಯೂ ಇದೆ. ಅಲ್ಲಿನ ಬಸ್ ಕಂಪನಿ ಕಪ್ಪು ಜನರನ್ನು, ಏಷ್ಯಾದವರನ್ನು ಬಸ್ಸಿನ ಚಾಲಕ, ನಿರ್ವಾಹಕರ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ನಾಲ್ಕು ತಿಂಗಳ ಬಹಿಷ್ಕಾರದ ನಂತರ ಮಣಿಯಿತು. ಮೊದಲು ನಿರ್ವಾಹಕರಾದವರು ರಘಬೀರ್ ಸಿಂಗ್ ಎಂಬ ಸಿಖ್ಖರು.

ನಿಂತಿದ್ದ ಪ್ರತಿಮೆ ಸುಳ್ಳು ಹೇಳುತ್ತಿತ್ತು, ಮಲಗಿದ ಪ್ರತಿಮೆ ನಿಜ ಹೇಳುತ್ತಿದೆ. ವಸ್ತು ಅದೇ. ಅದನ್ನು ಯಾರು ಹೇಗೆ ಇಟ್ಟರು ಅನ್ನುವುದೇ ಮುಖ್ಯ.

ಇನ್ನು ನಮ್ಮ ಮಾತಿಗೆ ಬರೋಣ. ನಮ್ಮ ಚಳವಳಿಯ ಚರಿತ್ರೆಯೂ ಒಂದು ಪುರಸಭೆಯ ಕಡತದಲ್ಲಿ ಕೂತಿದೆ. ಎಸ್.ಕೆ. ಬೋಲೆ ಅವರ ಸೂಚನೆಯ ಮೇಲೆ 1923ರ ಆಗಸ್ಟ್ 4ರಂದು ಮುಂಬಯಿ ಶಾಸನ ಸಭೆ, ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ನಿರ್ಣಯ ಮಾಡಿತು. 1924ರಲ್ಲಿ ಮಹಾಡ್ ಪುರಸಭೆ ಚವದಾರ್ ಕೆರೆ ಎಲ್ಲರಿಗೂ ತೆರೆದಿದೆ ಅಂತ ಬರೆದುಕೊಂಡಿತು. ಕಾಗದದಲ್ಲಿ ತೆರೆಯಿತು, ದಡದಲ್ಲಿ ತೆರೆಯಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಆ ನೀರು ಮುಟ್ಟಿದರು. ಜಾತಿವಾದಿಗಳು ಜನರನ್ನು ಹೊಡೆದರು, ಕೆರೆಗೆ 108 ಮಡಕೆ ಗಂಜಲ ಸಗಣಿ ಸುರಿದು ಶುದ್ಧಿ ಮಾಡಿದರು. ಅದೇ ವರ್ಷ ಆಗಸ್ಟ್ 4ರಂದು ಪುರಸಭೆ ತನ್ನ ಹಳೇ ನಿರ್ಣಯವನ್ನೇ ವಾಪಸ್ ತೆಗೆದುಕೊಂಡಿತು. 1937ರಲ್ಲಿ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿತು. ಪುರಸಭೆಯ ಆ ಎರಡು ನಿರ್ಣಯಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಅದಕ್ಕಿಂತ ದೊಡ್ಡ ಮ್ಯೂಸಿಯಂ ಬೇಕೆ?

ದೂರ ಯಾಕೆ? 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ತಲೆತಲಾಂತರದಿಂದ ಊರಿನ ಮಲ ಎತ್ತಿದ ಭಂಗಿ ಸಮುದಾಯದವರು, ತಮ್ಮನ್ನು ಇದ್ದ ಜಾಗದಿಂದ ಎಬ್ಬಿಸುವುದರ ವಿರುದ್ಧ ಪುರಸಭೆ ಕಚೇರಿಯ ಮುಂದೆ ಮಲವನ್ನೇ ಮೈಮೇಲೆ ಸುರಿದುಕೊಂಡು ನಿಂತರು. ತಲೆ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ನಿಷೇಧ ಮಾಡಿಸಿದ್ದರು. ಮೂರೂವರೆ ದಶಕ ಕಳೆದ ಮೇಲೆ ಈ ಸ್ಥಿತಿ. ಅವತ್ತು ಅವರು ಮಾಡಿದ್ದು ಊರಿನ ಚರಿತ್ರೆ ಹೌದೋ ಅಲ್ಲವೋ? ಹೌದಾದರೆ ಅದನ್ನು ಯಾರು ಇಟ್ಟುಕೊಳ್ಳುತ್ತಾರೆ?

ಗೆಳೆಯರೆ, ಯಾವ ಮ್ಯೂಸಿಯಂಗೆ ಹೋದರೂ ಬಾಯಿ ಬಿಟ್ಟು ನೋಡಿ ಬರಬೇಡಿ. ನಾಲ್ಕು ಪ್ರಶ್ನೆ ಇಟ್ಟುಕೊಂಡು ಹೋಗಿ. ಈ ವಸ್ತು ಯಾರ ಮನೆಯಿಂದ ಬಂತು? ಇದನ್ನು ಮಾಡಿದ ಕೈಯ ಹೆಸರು ಯಾಕಿಲ್ಲ? ಫಲಕ ಬರೆದವರು ಯಾರು? ಕಥೆ ಯಾವ ವರ್ಷಕ್ಕೆ ಬಂದು ನಿಂತಿದೆ, ಅಲ್ಲೇ ಯಾಕೆ ನಿಂತಿದೆ?

ಕೇಳುವುದರ ಜೊತೆಗೆ ಮಾಡುವ ಕೆಲಸವೂ ಇದೆ. ರಜೆಗೆ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿ: ಕೇರಿ ಮೊದಲು ಎಲ್ಲಿತ್ತು, ಬಾವಿ ಯಾವಾಗ ಬಂತು, ಬಹಿಷ್ಕಾರ ಯಾವಾಗ ಹಾಕಿದರು, ಪೌರಕಾರ್ಮಿಕರಾಗಿ ಎಷ್ಟು ಸಂಬಳಕ್ಕೆ ಸೇರಿದರು. ಅವರ ಮಾತಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಮನೆಯ ತಗಡಿನ ಪೆಟ್ಟಿಗೆಯಲ್ಲಿರುವ ಸಾಗುವಳಿ ಚೀಟಿ, ನೋಟೀಸು, ಸಭೆಯ ಕರಪತ್ರ, ಹಳೇ ಫೋಟೋ ಯಾವುದನ್ನೂ ರದ್ದಿಗೆ ಹಾಕಬೇಡಿ. ಫೋಟೋ ಹಿಂದೆ ಮೆತ್ತಗೆ ಪೆನ್ಸಿಲಿನಲ್ಲಿ ಯಾರು, ಯಾವ ಊರು, ಯಾವ ವರ್ಷ ಅಂತ ಬರೆಯಿರಿ. ಕಾಗದಕ್ಕೆ ಕಬ್ಬಿಣದ ಪಿನ್ನು ಚುಚ್ಚಬೇಡಿ, ತುಕ್ಕು ತಿನ್ನುತ್ತದೆ. ಒಣಗಿದ ಜಾಗದಲ್ಲಿ ಇಡಿ. ನಿಮ್ಮ ಕೈಯಲ್ಲಿರುವ ಈ ಸೈಕ್ಲೋಸ್ಟೈಲ್ ಹಾಳೆಯೂ ಹಳದಿಯಾಗಿ ಪುಡಿಯಾಗುತ್ತದೆ, ಒಂದು ಪ್ರತಿ ಜೋಪಾನ ಮಾಡಿ. 2005ರಿಂದ ಮಾಹಿತಿ ಹಕ್ಕಿನ ಕಾನೂನು ಇದೆ. ಪುರಸಭೆಯ ಹಳೇ ನಡಾವಳಿ ಪುಸ್ತಕ ಕೇಳಲು ಅರ್ಜಿ ಹಾಕಿ. ಕೇರಿ ಎಬ್ಬಿಸಿದ ನಿರ್ಣಯಕ್ಕೆ ಯಾರು ಸೂಚಕರು, ಯಾರು ಅನುಮೋದಕರು ಅಂತ ಅದರಲ್ಲಿ ಸಹಿ ಸಮೇತ ಇರುತ್ತದೆ.

ನಿಮ್ಮ ಊರಿನಲ್ಲಿ ಊರ ಚರಿತ್ರೆಯ ಮ್ಯೂಸಿಯಂ ಅಂತ ಯಾರಾದರೂ ಮಾತೆತ್ತಿದರೆ ಅದರ ಸಮಿತಿಯಲ್ಲಿ ಪೌರಕಾರ್ಮಿಕರ ಕಾಲೋನಿಯಿಂದ ಎಷ್ಟು ಜನ ಅಂತ ಮೊದಲ ದಿನವೇ ಕೇಳಿ. ನಮ್ಮ ಪೊರಕೆ, ನಮ್ಮ ತಮಟೆ ತಂದು ಗಾಜಿನೊಳಗಿಟ್ಟು 'ಜಾನಪದ' ಅಂತ ಚೀಟಿ ಅಂಟಿಸಿದರೆ ಒಪ್ಪಬೇಡಿ. ಆ ಪೊರಕೆಯ ಪಕ್ಕದಲ್ಲಿ ಸಂಬಳದ ಹಾಳೆ ಇಡಿ, ಮ್ಯಾನ್‌ಹೋಲಿಗೆ ಇಳಿಸಿದ ಆದೇಶ ಇಡಿ, ಸತ್ತವರ ಹೆಸರು ಇಡಿ ಅಂತ ಹೇಳಿ.

ಡರ್ಬನ್ನಿನಲ್ಲಿ ಪಾಸಿಗಾಗಿ ಸಾಲು ನಿಂತವರ ಮೊಮ್ಮಕ್ಕಳು ಅದೇ ಬಾಗಿಲಿನಿಂದ ಇವತ್ತು ಪಾಸ್ ಇಲ್ಲದೆ ಒಳಗೆ ಹೋಗುತ್ತಾರೆ. ನಮ್ಮ ಪುರಸಭೆಗಳ ಕಡತದ ಕೋಣೆಗೂ ನಾವು ಹೋಗಬೇಕು. ಅಲ್ಲಿ ನಮ್ಮ ಅವ್ವ ಅಪ್ಪಂದಿರ ಹೆಸರಿದೆ. ಬೆರಳಚ್ಚು ಒತ್ತಿ ಕೂಲಿ ಪಡೆದವರ ಹೆಸರು. ಅದನ್ನು ಓದುವ ಅಕ್ಷರ ಈಗ ನಮ್ಮ ಕೈಯಲ್ಲಿದೆ. ಓದೋಣ, ಗಟ್ಟಿಯಾಗಿ ಓದೋಣ.

ಜೈ ಭೀಮ್.